ನವೆಂಬರಿನ ನಾಲ್ಕು ದಿನ: ಆರ್ಟ್ ಮುಂಬೈ ಮೇಳ ಮತ್ತು ಚಿಂಚ್‌ಪೋಕ್ಳಿಯ ಒಂದು ಫ್ರೇಮ್ ಅಂಗಡಿ

2023ರ ನವೆಂಬರ್ 12, ಭಾನುವಾರ. ದೀಪಾವಳಿ. ಚಿಂಚ್‌ಪೋಕ್ಳಿಯ ಚಿಕ್ಕಪ್ಪನ ಮನೆಯಲ್ಲಿ ಊಟ ಮುಗಿಸಿ ಎಲೆ ಎತ್ತುವಷ್ಟರಲ್ಲಿ ಅವರಿಗೊಂದು ಫೋನ್ ಬಂತು. ಹಳೇ ಗಿರಾಕಿ, ಒಂದು ಗ್ಯಾಲರಿಯವರು. ಹನ್ನೊಂದು ಚಿತ್ರಗಳಿಗೆ ಫ್ರೇಮ್ ಆಗಬೇಕು, ಬುಧವಾರ ಬೆಳಿಗ್ಗೆ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ತಲುಪಬೇಕು, ಗುರುವಾರ ಅಲ್ಲಿ ಕಲಾ ಮೇಳ ಶುರು. ಚಿಕ್ಕಪ್ಪ "ನೋಡುವ" ಎಂದಷ್ಟೇ ಹೇಳಿ ಫೋನ್ ಇಟ್ಟರು.

ಅಂಗಡಿಯಲ್ಲಿ ಇರುವುದು ನಾಲ್ಕು ಜನ. ಪಾಲಿಶ್ ಮಾಡುವ ಇಬ್ಬರು ಬಿಹಾರದವರು, ಛಠ್ ಪೂಜೆಗೆ ಅಂತ ಊರಿಗೆ ಹೊರಟಾಗಿತ್ತು. ಮರ ಕೊಯ್ಯುವವನು ಹಬ್ಬಕ್ಕೆ ಸಾತಾರಾದಲ್ಲಿದ್ದ. ಉಳಿದದ್ದು ಸಹಾಯಕ್ಕೆ ಇಟ್ಟುಕೊಂಡ ಒಬ್ಬ ಹುಡುಗ. ರೇ ರೋಡಿನ ಮರದ ಅಡ್ಡೆಗಳೆಲ್ಲ ಮುಚ್ಚಿದ್ದವು. ಗಾಜಿನ ಅಂಗಡಿ ತೆರೆಯುವುದು ಪಾಡ್ಯ ಕಳೆದ ಮೇಲೆ.

ಅವತ್ತು ರಾತ್ರಿ ಎಂಟಕ್ಕೆ ಚಿಕ್ಕಪ್ಪ, ಅವರ ಮಗಳು, ನಾನು ಮೂವರೂ ಹೋಗಿ ಶಟರ್ ಎತ್ತಿದೆವು. ನಾನು ಲೆಕ್ಕ ಬರೆಯುವವನು, ನನಗೆ ಮರದ ಕೆಲಸ ಬಾರದು. ಪಾಲಿಶ್ ಪೇಪರ್ ಹಿಡಿದು ಪಟ್ಟಿ ತಿಕ್ಕುತ್ತಾ ಕೂತೆ. ಹೊರಗೆ ಪಟಾಕಿ, ಒಳಗೆ ಗರಗಸದ ಸದ್ದು. ಬುಧವಾರ ಬೆಳಿಗ್ಗೆ ಹನ್ನೊಂದರಲ್ಲಿ ಒಂಬತ್ತು ಫ್ರೇಮ್ ಟೆಂಪೋ ಏರಿದವು. ಎರಡು ಮಧ್ಯಾಹ್ನ ಹೋದವು.

ಅಂತರರಾಷ್ಟ್ರೀಯ ಕಲಾ ಮೇಳ ಬಂದರೆ ಊರಿಗೆ ಏನಾಗುತ್ತದೆ ಅಂತ ಕೇಳಿದರೆ, ಎಷ್ಟು ಕೋಟಿ ವ್ಯಾಪಾರವಾಯಿತು, ಎಷ್ಟು ಜನ ಬಂದರು ಅಂತ ಉತ್ತರ ಬರುತ್ತದೆ. ಅದನ್ನು ಬರೆಯಲು ಪತ್ರಿಕೆಗಳಿವೆ. ನನ್ನ ಕೈಯಲ್ಲಿರುವುದು ಒಂದು ಸಣ್ಣ ಅಂಗಡಿಯ ಖಾತೆ ಪುಸ್ತಕ. 2023, 2024, 2025, ಈ ಮೂರು ವರ್ಷದ ಮೇಳಗಳು ಆ ಪುಸ್ತಕದಲ್ಲಿ ಬಿಟ್ಟ ಗುರುತುಗಳನ್ನು ಬಿಡಿಸಿ ಹೇಳುವುದೇ ಈ ಪ್ರಕರಣ ಅಧ್ಯಯನ. ಮೇಳದ ದುಡ್ಡು ಯಾರ ಕೈಗೆ ಮೊದಲು ಬರುತ್ತದೆ, ಯಾರ ಕೈಗೆ ಕೊನೆಗೆ ಬರುತ್ತದೆ, ನಡುವಿನ ದಿನಗಳನ್ನು ಯಾರು ಹೊರುತ್ತಾರೆ ಎನ್ನುವುದು ನನಗೆ ಈ ಖಾತೆಯಿಂದಲೇ ಗೊತ್ತಾದದ್ದು.

ಅಂಗಡಿ

ಚಿಕ್ಕಪ್ಪ ಕಾರ್ಕಳದ ಕಡೆಯವರು. ನಮ್ಮ ಅಜ್ಜ ಊರಲ್ಲಿ ಮರದ ಕೆಲಸ ಮಾಡುತ್ತಿದ್ದರು. ಆದರೆ ಹದಿನೈದನೇ ವಯಸ್ಸಿಗೆ ಮುಂಬೈಗೆ ಬಂದ ಚಿಕ್ಕಪ್ಪನಿಗೆ ಮೊದಲು ಸಿಕ್ಕಿದ್ದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಹಗಲು ಹೋಟೆಲು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ನಮ್ಮ ಕಡೆಯ ಎಷ್ಟೋ ಜನ ಹಾಗೇ ಓದಿದವರು. ಆಮೇಲೆ ಗಿರಗಾಂವಿನ ಒಂದು ಫ್ರೇಮ್ ಅಂಗಡಿಗೆ ಸೇರಿದರು. ಕೈಗೆ ಮರ ಸಿಕ್ಕಿತು, ಮನಸ್ಸು ನಿಂತಿತು. 1989ರಲ್ಲಿ ಚಿಂಚ್‌ಪೋಕ್ಳಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗಾಲಾ ಹಿಡಿದು ಸ್ವಂತ ಅಂಗಡಿ ಹಾಕಿದರು. ಮುಂಬೈಯಲ್ಲಿ ಇಂಥ ಕಾರ್ಖಾನೆ ಕೋಣೆಗೆ ಗಾಲಾ ಅಂತಲೇ ಹೆಸರು.

ಆಗ ಸುತ್ತಮುತ್ತ ಗಿರಣಿಗಳ ಚಿಮಣಿಗಳು ಇನ್ನೂ ನಿಂತಿದ್ದವು. 1982ರ ಜನವರಿಯಲ್ಲಿ ಶುರುವಾದ ಮುಷ್ಕರದ ನಂತರ ಅವುಗಳಲ್ಲಿ ಹೆಚ್ಚಿನವು ಸರಿಯಾಗಿ ಏಳಲೇ ಇಲ್ಲ. ಮುಂದೆ ಆ ಜಾಗಗಳಲ್ಲೆಲ್ಲ ಗೋಪುರಗಳು, ಮಾಲ್‌ಗಳು ಬಂದವು. ಚಿಕ್ಕಪ್ಪನ ಗಾಲಾ ಅಲ್ಲೇ ಉಳಿಯಿತು.

2022ರವರೆಗೆ ಅಂಗಡಿಯ ಕೆಲಸ ಏನು? ಮದುವೆ ಫೋಟೋಗೆ ಕಟ್ಟು ಹಾಕುವುದು. ದೇವರ ಪಟ. ತೀರಿಕೊಂಡವರ ಫೋಟೋ, ಅದಕ್ಕೆ ಮಾತ್ರ ಚಿಕ್ಕಪ್ಪ ಯಾವತ್ತೂ ಚೌಕಾಸಿ ಮಾಡಿದವರಲ್ಲ. ಕಚೇರಿಗಳ ಸರ್ಟಿಫಿಕೇಟು, ಶಾಲೆಗಳ ಬಹುಮಾನ. ಜೊತೆಗೆ ಜೆಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಪ್ರದರ್ಶನ ಮಾಡುವ ಕಲಾವಿದರ ಕೆಲಸ. ಈ ಕೊನೆಯದೇ ಅವರಿಗೆ ತುಂಬಾ ಇಷ್ಟ. ದುಡ್ಡು ಕಡಿಮೆ, ಮಾತು ಜಾಸ್ತಿ.

ಜೆಹಾಂಗೀರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಕಾಳಾ ಘೋಡಾದ ಈ ಗ್ಯಾಲರಿ 1952ರಲ್ಲಿ ತೆರೆಯಿತು. ಸರ್ ಕಾವಸ್‌ಜಿ ಜೆಹಾಂಗೀರ್ ಕೊಟ್ಟ ದುಡ್ಡು. ಇಂಥದ್ದೊಂದು ಬೇಕು ಅಂತ ಹಿಂದೆ ಬಿದ್ದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರು, ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಇನ್ನೊಬ್ಬರು. ಉಡುಪಿಯ ಪಕ್ಕದ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿ, ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಕಲಿತು, ಅಲ್ಲೇ ಕಲಿಸಿ, 1996ರಲ್ಲಿ ಮುಂಬೈಯಲ್ಲೇ ತೀರಿಕೊಂಡ ಹೆಬ್ಬಾರರು. ಅವರು ಮುಂದೆ ನಿಂತು ತಂದ ಗ್ಯಾಲರಿಗೆ ಇವತ್ತಿಗೂ ಟಿಕೆಟ್ ಇಲ್ಲ. ಕೋರ್ಟಿಗೆ ಬಂದವರು, ಬಸ್ಸಿಗೆ ಕಾಯುವವರು, ಮಳೆ ಬಂತು ಅಂತ ಒಳಗೆ ನುಗ್ಗಿದವರು, ಎಲ್ಲರೂ ಚಿತ್ರ ನೋಡಬಹುದು. ಚಿಕ್ಕಪ್ಪ ಮೊದಲ ಸಲ ಅಸಲಿ ಚಿತ್ರ ನೋಡಿದ್ದೂ ಅಲ್ಲೇ, ಹೋಟೆಲಿನ ವಾರದ ರಜೆಯಲ್ಲಿ. ಕಲಾವಿದರಿಗೆ ಅಲ್ಲಿ ಜಾಗ ಸಿಗಲು ವರ್ಷಗಟ್ಟಲೆ ಕಾಯಬೇಕು. ಆ ಕಾಯುವಿಕೆಯೇ ಅಂಗಡಿಗೆ ಅನುಕೂಲವಾಗಿತ್ತು. ಯಾವ ತಿಂಗಳು ಯಾರ ಪ್ರದರ್ಶನ ಅಂತ ಮೊದಲೇ ಗೊತ್ತು. ಮರ ತಂದು ಒಣಗಿಸಲು ಸಮಯ ಸಿಗುತ್ತಿತ್ತು. ವರ್ಷದ ಕೆಲಸ ಹದವಾಗಿ ಹರಡಿಕೊಂಡಿತ್ತು.

ಮೇಳ

ಭಾರತದಲ್ಲಿ ದೊಡ್ಡ ಕಲಾ ಮೇಳ ಅಂದರೆ ಬಹಳ ವರ್ಷ ದೆಹಲಿಯದ್ದೇ. 2008ರಲ್ಲಿ ಇಂಡಿಯಾ ಆರ್ಟ್ ಸಮ್ಮಿಟ್ ಅಂತ ಶುರುವಾಗಿ ಆಮೇಲೆ ಇಂಡಿಯಾ ಆರ್ಟ್ ಫೇರ್ ಆದದ್ದು. ಮುಂಬೈಯಲ್ಲಿ ಗ್ಯಾಲರಿಗಳಿದ್ದವು, ಹರಾಜು ಮನೆಗಳಿದ್ದವು, ಕೊಳ್ಳುವವರಿದ್ದರು. 2012ರಿಂದ ಜನವರಿಯಲ್ಲಿ ಊರಿನ ಗ್ಯಾಲರಿಗಳೆಲ್ಲ ಸೇರಿ ಮಾಡುವ ಗ್ಯಾಲರಿ ವೀಕೆಂಡ್ ನಡೆಯುತ್ತಿತ್ತು. 1999ರಿಂದ ಕಾಳಾ ಘೋಡಾ ಕಲಾ ಹಬ್ಬ ಇತ್ತು. ದೆಹಲಿಯಂಥ ದೊಡ್ಡ ಮೇಳ ಮಾತ್ರ ಇರಲಿಲ್ಲ.

ಆ ಜಾಗ ತುಂಬಿದ್ದು ಆರ್ಟ್ ಮುಂಬೈ. ಸ್ಯಾಫ್ರನ್‌ಆರ್ಟ್ ಹರಾಜು ಸಂಸ್ಥೆಯ ಮಿನಲ್ ಮತ್ತು ದಿನೇಶ್ ವಜೀರಾನಿ, ಲಂಡನ್ನಿನ ಗ್ರೋವ್‌ನರ್ ಗ್ಯಾಲರಿಯ ಕಾನರ್ ಮ್ಯಾಕ್ಲಿನ್, ದೆಹಲಿಯ ಗ್ಯಾಲರಿಸ್ಟ್ ನಕುಲ್ ದೇವ್ ಚಾವ್ಲಾ ಸೇರಿ ಕಟ್ಟಿದರು. ಮೊದಲ ಮೇಳ 2023ರ ನವೆಂಬರ್ 16ರಿಂದ 19. ಐವತ್ತಕ್ಕೂ ಹೆಚ್ಚು ಗ್ಯಾಲರಿಗಳು. ಎರಡನೆಯದು 2024ರ ನವೆಂಬರ್ 14ರಿಂದ 17, ಎಪ್ಪತ್ತಕ್ಕೂ ಹೆಚ್ಚು. ಮೂರನೆಯದು 2025ರ ನವೆಂಬರ್ 13ರಿಂದ 16, ಎಂಬತ್ತು ದಾಟಿತು. ವಿದೇಶದ ಗ್ಯಾಲರಿಗಳೂ ಬಂದವು.

ಜಾಗ ಮಹಾಲಕ್ಷ್ಮಿ ರೇಸ್‌ಕೋರ್ಸ್. 1883ರಿಂದ ಕುದುರೆ ಓಡುವ ಮೈದಾನ. ಕುದುರೆ ಓಡದ ದಿನಗಳಲ್ಲೂ ಇದು ಊರಿಗೆ ದೊಡ್ಡ ಬಯಲು, ಬೆಳಿಗ್ಗೆ ನಡೆಯಲು ಬರುವವರಿಗೆ ಉಸಿರು. ರೇಸ್ ಕ್ಲಬ್ಬಿನ ಗುತ್ತಿಗೆ 2013ಕ್ಕೇ ಮುಗಿದಿತ್ತು. 2024ರಲ್ಲಿ 211 ಎಕರೆಯ ಪೈಕಿ 120 ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕೆ ಪಾಲಿಕೆಗೆ ಕೊಟ್ಟು, 91 ಎಕರೆಯನ್ನು ರೇಸ್ ಕ್ಲಬ್ಬಿಗೇ ಉಳಿಸುವ ತೀರ್ಮಾನವಾಯಿತು. ಮೇಳಕ್ಕೆ ಕಾಯಂ ಕಟ್ಟಡವಿಲ್ಲ. ನವೆಂಬರ್ ಬಂತೆಂದರೆ ಹುಲ್ಲಿನ ಮೇಲೆ ಚಪ್ಪರ ಏಳುತ್ತದೆ, ಎಸಿ ಕೂರುತ್ತದೆ, ಬಿಳಿ ಗೋಡೆಗಳು ನಿಲ್ಲುತ್ತವೆ. ನಾಲ್ಕು ದಿನ. ಮತ್ತೆ ಹುಲ್ಲು.

ಆ ಗೋಡೆ ನಿಲ್ಲಿಸುವವರು, ವೈರ್ ಎಳೆಯುವವರು, ಚಿತ್ರಕ್ಕೆ ಸರಿಯಾಗಿ ಲೈಟು ತಿರುಗಿಸುವವರು, ಕ್ರೇಟು ಇಳಿಸುವವರು, ಅವರಿಗೆ ಪಾರ್ಸೆಲ್ ಕಳಿಸುವ ಸಾತ್ ರಸ್ತಾದ ಹೋಟೆಲಿನವರು, ಇಷ್ಟೂ ಜನಕ್ಕೆ ಆ ಹದಿನೈದು ದಿನ ಕೆಲಸ ಇರುತ್ತದೆ. ನಾನು ಇದನ್ನು ಸಣ್ಣ ವಿಷಯ ಅಂತ ಹೇಳುವವನಲ್ಲ. 2023ರ ಆ ಬುಧವಾರ ರಾತ್ರಿ ಮೈದಾನದಲ್ಲಿ ಮರಾಠಿ, ಭೋಜಪುರಿ, ಬಂಗಾಳಿ, ತುಳು ಎಲ್ಲ ಕಿವಿಗೆ ಬಿತ್ತು. ಏಣಿ ಮೇಲಿದ್ದ ಒಬ್ಬ ಹುಡುಗ ಬೈಂದೂರಿನವನು.

ಮೊದಲ ವರ್ಷ: ಹೆಸರು ಬಂತು

2023ರ ಆ ಹನ್ನೊಂದು ಫ್ರೇಮುಗಳ ದುಡ್ಡು ಬೇಗ ಬಂತು. ಅದಕ್ಕಿಂತ ದೊಡ್ಡದಾಗಿ ಬಂದದ್ದು ಹೆಸರು. ಡಿಸೆಂಬರಿನಲ್ಲಿ ಮೂರು ಹೊಸ ಗ್ಯಾಲರಿಗಳು ಫೋನ್ ಮಾಡಿದವು. ಅವರು ಕೇಳಿದ ಕೆಲಸದ ಬಗೆಯೇ ಬೇರೆ.

ಇಲ್ಲಿ ಸ್ವಲ್ಪ ಕೆಲಸದ ಒಳಗು ಹೇಳುತ್ತೇನೆ. ಕಾಗದದ ಮೇಲಿನ ಚಿತ್ರಕ್ಕೆ ಹಿಂದೆ ಸಾದಾ ರಟ್ಟು ಇಟ್ಟರೆ ಕೆಲವೇ ವರ್ಷದಲ್ಲಿ ಅಂಚಿಗೆ ಕಂದು ಗೆರೆ ಬರುತ್ತದೆ. ರಟ್ಟಿನ ಆಮ್ಲ ಕಾಗದವನ್ನು ಸುಡುತ್ತದೆ. ಅದಕ್ಕೇ ಆಮ್ಲವಿಲ್ಲದ ಹತ್ತಿ ರಟ್ಟು ಬೇಕು. ಚಿತ್ರವನ್ನು ಟೇಪಿನಿಂದ ಅಂಟಿಸಬಾರದು. ತೆಳು ಜಪಾನಿ ಕಾಗದದ ಪಟ್ಟಿ, ಗೋಧಿ ಹಿಟ್ಟಿನ ಅಂಟು. ನಾಳೆ ಬೇಕೆಂದರೆ ನೀರು ತಾಗಿಸಿ ಬಿಡಿಸುವಂತಿರಬೇಕು. ಗಾಜು ಚಿತ್ರಕ್ಕೆ ತಾಗಬಾರದು. ಮುಂಬೈಯ ಮಳೆಗಾಲದಲ್ಲಿ ತಾಗಿದ ಗಾಜಿನೊಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಸುಮ್ನೆ ಕಟ್ಟು ಹಾಕುವುದಕ್ಕೂ ಹೀಗೆ ಕಾಪಾಡುವುದಕ್ಕೂ ಇರುವ ವ್ಯತ್ಯಾಸ ಇದು.

ಇದನ್ನೆಲ್ಲ ಕಲಿತದ್ದು ತಂಗಿ, ಚಿಕ್ಕಪ್ಪನ ಮಗಳು. ಬಿ.ಕಾಂ. ಮುಗಿಸಿ ಅಪ್ಪನ ಜೊತೆ ನಿಂತವಳು. ಇಂಟರ್‌ನೆಟ್ಟಿನಲ್ಲಿ ನೋಡಿದಳು, ಹಳೆಯ ಚಿತ್ರಗಳನ್ನು ಕಾಪಾಡುವ ಒಬ್ಬ ಹಿರಿಯ ಸಂರಕ್ಷಕರ ಬಳಿ ಹೋಗಿ ಕೂತು ನೋಡಿದಳು, ಹಾಳಾದ ಕ್ಯಾಲೆಂಡರುಗಳ ಮೇಲೆ ಕೈ ಪಳಗಿಸಿಕೊಂಡಳು. ಚಿಕ್ಕಪ್ಪ ಗೋಧಿ ಅಂಟು ಕುದಿಸುವುದನ್ನು ನೋಡಿ, "ನಮ್ಮಮ್ಮ ಗಾಳಿಪಟಕ್ಕೆ ಮಾಡಿ ಕೊಡುತ್ತಿದ್ದದ್ದು ಇದೇ ಅಲ್ವಾ" ಅಂದರು. ಮೇಳ ಬಂದಿರದಿದ್ದರೆ ಈ ಕಲಿಕೆಗೆ ಕಾರಣವೇ ಇರುತ್ತಿರಲಿಲ್ಲ. ಇದು ಮೇಳ ಕೊಟ್ಟದ್ದೇ, ನಾನು ಅದನ್ನು ಜಮಾ ಕಡೆಗೇ ಬರೆಯುತ್ತೇನೆ.

ಎರಡನೇ ವರ್ಷ: ಮೂಲೆ ಬಾಯಿ ಬಿಟ್ಟಿತು

2024ರಲ್ಲಿ ಹಬ್ಬ ಬೇಗ ಮುಗಿಯಿತು. ಛಠ್ ಕೂಡ ನವೆಂಬರ್ ಮೊದಲ ವಾರದಲ್ಲೇ. ಹಾಗಾಗಿ ಜನ ಸಿಗುತ್ತಾರೆ ಅಂತ ಧೈರ್ಯ. ಐದು ಗ್ಯಾಲರಿಗಳ ಕೆಲಸ ಒಪ್ಪಿಕೊಂಡರು. ಒಟ್ಟು ಅರವತ್ತೆರಡು ಫ್ರೇಮು. ತೇಗದ ಮರಕ್ಕೆ, ರಟ್ಟಿಗೆ, ಚಿತ್ರದ ಮೇಲೆ ಬೆಳಕು ಹೊಳೆಯದ ಗಾಜಿಗೆ ಅಕ್ಟೋಬರಿನಲ್ಲೇ ದುಡ್ಡು ಸುರಿದರು. ಅದರಲ್ಲಿ ಸ್ವಲ್ಪ ಬ್ಯಾಂಕಿನ ಓಡಿ (ಓವರ್ ಡ್ರಾಫ್ಟ್ ಸಾಲ), ಸ್ವಲ್ಪ ಚಿಕ್ಕಮ್ಮನ ಚೀಟಿಯ ಹಣ.

ಎರಡು ಕಡೆ ಪೆಟ್ಟು ಬಿತ್ತು.

ಮೊದಲನೆಯದು ನಮ್ಮದೇ ತಪ್ಪು. ಆ ಮರ ಬಂದದ್ದು ಮಳೆಗಾಲದ ಕೊನೆಯಲ್ಲಿ. ಪೂರ್ತಿ ಒಣಗಿರಲಿಲ್ಲ. ಗಾಲಾದಲ್ಲಿ ಇದ್ದಷ್ಟು ದಿನ ಏನೂ ಕಾಣಲಿಲ್ಲ, ಅಲ್ಲಿಯ ಗಾಳಿಯಲ್ಲೇ ತೇವ ಇತ್ತು. ಮೇಳದ ಚಪ್ಪರದೊಳಗೆ ಹಗಲು ರಾತ್ರಿ ಎಸಿ. ಎರಡೇ ದಿನದಲ್ಲಿ ಮರ ಕುಗ್ಗಿತು. ಓರೆಯಾಗಿ ಕೊಯ್ದು ಜೋಡಿಸಿದ ಮೂಲೆಗಳು ಆರು ಫ್ರೇಮುಗಳಲ್ಲಿ ಬಾಯಿ ಬಿಟ್ಟವು. ಕೂದಲೆಳೆಯಷ್ಟು. ಬೇರೆಯವರಿಗೆ ಕಾಣಲಿಕ್ಕಿಲ್ಲ. ಚಿಕ್ಕಪ್ಪನಿಗೆ ಅದು ಬಾವಿಯಷ್ಟು ದೊಡ್ಡದಾಗಿ ಕಂಡಿತು. ಶುಕ್ರವಾರ ರಾತ್ರಿ ಜನ ಹೋದ ಮೇಲೆ ಒಳಗೆ ಬಿಡಿಸಿಕೊಂಡು, ನೆಲದ ಮೇಲೆ ಕಂಬಳಿ ಹಾಸಿ, ಆರನ್ನೂ ಇಳಿಸಿ, ಅಂಟು ತುಂಬಿ, ಬಣ್ಣದ ಮೇಣ ತೀಡಿ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಗೋಡೆಗೆ ಏರಿಸಿದರು. ಅರವತ್ತು ದಾಟಿದ ಮನುಷ್ಯ. ಮನೆಗೆ ಬಂದು ಚಾ ಕೂಡ ಕುಡಿಯದೆ ಮಲಗಿದರು ಅಂತ ಚಿಕ್ಕಮ್ಮ ಹೇಳಿದರು.

ಎರಡನೆಯದು ಬಾಕಿ. ಐದರಲ್ಲಿ ಮೂವರು ಡಿಸೆಂಬರಿಗೆ ಕೊಟ್ಟರು. ಒಬ್ಬರು ಜನವರಿಯಲ್ಲಿ. ಉಳಿದ ಒಂದು ಗ್ಯಾಲರಿಯದ್ದು 1,86,000 ರೂಪಾಯಿ. ಬಂದದ್ದು 2025ರ ಏಪ್ರಿಲಿನಲ್ಲಿ, ಮೂರು ಕಂತಿನಲ್ಲಿ. ಐದು ತಿಂಗಳು. ಆ ಐದು ತಿಂಗಳ ಓಡಿ ಬಡ್ಡಿಯನ್ನು ಲೆಕ್ಕ ಹಾಕಿ ತೋರಿಸಿದಾಗ ಚಿಕ್ಕಪ್ಪ ಸುಮ್ಮನೆ ಕೂತರು. ಆ ಕೆಲಸದ ಲಾಭದಲ್ಲಿ ಅರ್ಧದ ಹತ್ತಿರ ಅದಕ್ಕೇ ಹೋಗಿತ್ತು.

ಕೋಪ ಬಂತು, ನಿಜ. ಆದರೆ ಆ ಗ್ಯಾಲರಿಯವರ ಜೊತೆ ಕೂತು ಮಾತಾಡಿದ ಮೇಲೆ ಅವರ ಕಷ್ಟವೂ ತಿಳಿಯಿತು. ಮೇಳದಲ್ಲಿ ಗ್ಯಾಲರಿಯ ದುಡ್ಡು ಹೀಗೆ ಓಡುತ್ತದೆ: ಮಳಿಗೆಯ ಬಾಡಿಗೆ ಮೊದಲೇ ಕಟ್ಟಬೇಕು. ಸಾಗಣೆ, ವಿಮೆ, ಹೋಟೆಲು, ಫ್ರೇಮು, ಎಲ್ಲ ಮುಂಚೆ. ನಾಲ್ಕು ದಿನದಲ್ಲಿ ಚಿತ್ರ ಹೋಯಿತು ಅಂದರೂ ದುಡ್ಡು ಅಲ್ಲೇ ಬರುವುದಿಲ್ಲ. ಕೊಳ್ಳುವವರು "ಇದನ್ನು ನನಗಿಡಿ" ಅಂತ ಹೇಳಿ ಹೋಗುತ್ತಾರೆ. ಮನೆಯಲ್ಲಿ ಕೇಳುತ್ತಾರೆ, ಗೋಡೆ ಅಳೆಯುತ್ತಾರೆ, ಕಂತು ಕೇಳುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಬಂದದ್ದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಕಲಾವಿದರ ಪಾಲು. ಗ್ಯಾಲರಿಗೆ ಉಳಿದ ಭಾಗದಿಂದ ಮೊದಲು ದೊಡ್ಡ ಬಿಲ್ಲುಗಳು ಹೋಗುತ್ತವೆ. ಮುಂದಿನ ಮೇಳದ ಮುಂಗಡವೂ ಅಷ್ಟರಲ್ಲೇ ಬಂದಿರುತ್ತದೆ. ಫ್ರೇಮಿನವನ ಬಿಲ್ಲು ಸಣ್ಣದು, ಅವನು ಪರಿಚಯದವನು, ಜಗಳ ಮಾಡುವವನಲ್ಲ. ಅದಕ್ಕೇ ಅದು ಎಲ್ಲಕ್ಕಿಂತ ಕೆಳಗೆ ಕೂರುತ್ತದೆ.

ಚಿಂಚ್‌ಪೋಕ್ಳಿಯ ಒಂದು ಗಾಲಾ, ಅದರ ಓಡಿ, ಚಿಕ್ಕಮ್ಮನ ಚೀಟಿ, ಇವೆಲ್ಲ ಸೇರಿ ಒಂದು ಅಂತರರಾಷ್ಟ್ರೀಯ ಮೇಳಕ್ಕೆ ಐದು ತಿಂಗಳು ಸಾಲ ಕೊಟ್ಟಿದ್ದವು. ಬಡ್ಡಿ ಇಲ್ಲದ ಸಾಲ, ಯಾರೂ ಕೇಳಿ ಪಡೆಯದ ಸಾಲ. ಖಾತೆಯ ಆ ಪುಟ ಬರೆದು ಮುಗಿಸಿದ ದಿನ ನನಗೆ ಇದು ಸ್ಪಷ್ಟವಾಗಿ ಕಂಡಿತು.

ಇದೇ ವರ್ಷ ಹರಾಜುಗಳ ಸುದ್ದಿ ಒಂದರ ಮೇಲೊಂದು ಬರುತ್ತಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಎಂ.ಎಫ್. ಹುಸೇನರ 'ಗ್ರಾಮ ಯಾತ್ರಾ' 1 ಕೋಟಿ 38 ಲಕ್ಷ ಡಾಲರಿಗೆ ಹೋಯಿತು. ಏಪ್ರಿಲಿನಲ್ಲಿ ಮುಂಬೈಯಲ್ಲಿ ತಯ್ಯಬ್ ಮೆಹ್ತಾರ ಚಿತ್ರಕ್ಕೆ 61.8 ಕೋಟಿ ರೂಪಾಯಿ. ಅದೇ ಏಪ್ರಿಲಿನಲ್ಲೇ ನಮ್ಮ ಕೊನೆಯ ಕಂತು ಬಂದದ್ದು. ಹುಸೇನರು ಇದೇ ಊರಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಬದುಕಿದವರು ಅಂತ ಚಿಕ್ಕಪ್ಪ ಆಗಾಗ ನೆನೆಯುತ್ತಾರೆ. ಅವರಿಗೆ ಈ ಬೆಲೆಗಳನ್ನು ಓದಿ ಬೇಸರವಿಲ್ಲ. ಖುಷಿಯೇ. ನನಗೆ ಮಾತ್ರ ಆ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡದೆ ಇರಲಾಗಲಿಲ್ಲ.

ಕಾನೂನಿನಲ್ಲಿ ಏನಿದೆ, ಕೈಯಲ್ಲಿ ಏನಾಯಿತು

ಸಣ್ಣ ಉದ್ದಿಮೆಗಳಿಗೆ ರಕ್ಷಣೆ ಇಲ್ಲವೆಂದಲ್ಲ. 2006ರ ಎಂಎಸ್ಎಂಇ ಕಾಯಿದೆಯ ಪ್ರಕಾರ, ಬರಹದ ಒಪ್ಪಂದವಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಇದರ ಮೇಲೆ 2023–24ರ ಆರ್ಥಿಕ ವರ್ಷದಿಂದ ಆದಾಯ ತೆರಿಗೆಯಲ್ಲೂ ಹೊಸ ನಿಯಮ ಬಂತು. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ ಈ ಅವಧಿಯೊಳಗೆ ಕೊಡದ ದುಡ್ಡನ್ನು ಕೊಳ್ಳುವವರು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ. ಯಾವ ವರ್ಷ ಕೊಟ್ಟರೋ ಆ ವರ್ಷ ಮಾತ್ರ. ಅಂದರೆ ಮಾರ್ಚ್ ಕೊನೆಗೆ ಬಾಕಿ ಉಳಿಸಿಕೊಂಡವರಿಗೆ ತೆರಿಗೆ ಜಾಸ್ತಿ ಬೀಳುತ್ತದೆ.

ಇದಕ್ಕೆಲ್ಲ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಬೇಕು. ಉಚಿತ, ಆನ್‌ಲೈನಿನಲ್ಲಿ ಆಗುವ ಕೆಲಸ. ಚಿಕ್ಕಪ್ಪ ಮಾಡಿಸಿರಲಿಲ್ಲ. ಲೆಕ್ಕ ನೋಡುವ ನಾನು ಒತ್ತಾಯ ಮಾಡಬೇಕಿತ್ತು, ಮಾಡಲಿಲ್ಲ. ಮದುವೆ ಫೋಟೋ ತೆಗೆದುಕೊಂಡು ಹೋಗುವವರು ಅಲ್ಲೇ ದುಡ್ಡು ಕೊಡುತ್ತಾರೆ, ಅದಕ್ಕೆ ಇದೆಲ್ಲ ಯಾಕೆ ಅಂತ ಬಿಟ್ಟಿದ್ದೆವು. ಅಂಗಡಿಯ ಗಿರಾಕಿಗಳು ಬದಲಾಗಿದ್ದರು, ಕಾಗದ ಪತ್ರ ಹಳೆಯದೇ ಇತ್ತು. 2025ರ ಮೇ ತಿಂಗಳಲ್ಲಿ ಮಾಡಿಸಿದೆವು.

ದೂರು ಕೊಡಬಹುದಿತ್ತೇ ಅಂದರೆ, ಮುಂದೆ ಬೇಕಾದರೆ ಅದಕ್ಕೆ ಸರ್ಕಾರದ ಪೋರ್ಟಲ್ ಇದೆ. ಆದರೆ ಮುಂಬೈಯ ಕಲಾ ಲೋಕ ತೀರಾ ಚಿಕ್ಕದು. ಕೊಲಾಬಾದಿಂದ ಫೋರ್ಟಿನವರೆಗೆ ಒಂದು ಸಂಜೆಯಲ್ಲಿ ನಡೆದು ಮುಗಿಸುವಷ್ಟು ಗ್ಯಾಲರಿಗಳು. ಒಬ್ಬರ ಮೇಲೆ ದೂರು ಹೋದರೆ ಮರುದಿನ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಅದರ ಬದಲು ತಂಗಿ ಒಂದು ಪುಟದ ವರ್ಕ್ ಆರ್ಡರ್ ಮಾಡಿದಳು. ಅರ್ಧ ಮುಂಗಡ. ಸಾಮಾನು ಹೊರಡುವ ಮುನ್ನ ಕಾಲು ಭಾಗ. ಉಳಿದ ಕಾಲು 30 ದಿನದಲ್ಲಿ. ಅಳತೆ ಅಕ್ಟೋಬರ್ 10ರೊಳಗೆ ಕೊಡಬೇಕು, ಆಮೇಲೆ ಬದಲಾದರೆ ಹೊಸ ಬಿಲ್ಲು. ಮೇಲ್ಗಡೆ ಉದ್ಯಮ್ ನಂಬರು.

ಚಿಕ್ಕಪ್ಪ ಹೆದರಿದರು. "ಇಷ್ಟು ವರ್ಷ ಮಾತಿನ ಮೇಲೆ ನಡೆದ ಅಂಗಡಿ, ಮಗಾ" ಅಂದರು ನನ್ನ ಕಡೆ ತಿರುಗಿ. ತಂಗಿ, "ಅಪ್ಪಾ, ಮಾತಿನ ಮೇಲೆ ನಡೆದದ್ದು ಜೆಹಾಂಗೀರಿನ ಕಲಾವಿದರ ಜೊತೆ. ಅವರಿಗೆ ಈಗಲೂ ಮಾತೇ ಸಾಕು. ಇವರಿಗೆ ಕಾಗದ ಬೇಕು" ಅಂದಳು. ಐದರಲ್ಲಿ ಒಂದು ಗ್ಯಾಲರಿ ಬಿಟ್ಟು ಹೋಯಿತು. ನಾಲ್ಕು ಸಹಿ ಹಾಕಿದವು. ಐದು ತಿಂಗಳು ತಡ ಮಾಡಿದವರು ಬಿಟ್ಟು ಹೋದವರಲ್ಲ, ಸಹಿ ಹಾಕಿದವರು.

ಮೂರನೇ ವರ್ಷ, ಮತ್ತು ವರ್ಷದ ಆಕಾರ

2025ರಲ್ಲಿ ದೀಪಾವಳಿ ಅಕ್ಟೋಬರಿನಲ್ಲೇ ಬಂತು. ಛಠ್ ಕೂಡ ಅದೇ ತಿಂಗಳ ಕೊನೆಗೆ ಮುಗಿಯಿತು. ಮೇಳಕ್ಕೆ ಎರಡು ವಾರವಿರುವಾಗ ಹಬ್ಬಕ್ಕೆ ಹೋದವರೆಲ್ಲ ವಾಪಸು ಬಂದಿದ್ದರು. ಸೆಪ್ಟೆಂಬರ್ 22ರಿಂದ ಚಿತ್ರ, ಶಿಲ್ಪಗಳ ಮೇಲಿನ ಜಿಎಸ್‌ಟಿ 12ರಿಂದ ಶೇ. 5ಕ್ಕೆ ಇಳಿದಿತ್ತು. ಗ್ಯಾಲರಿಯವರ ದನಿಯಲ್ಲೇ ಹುರುಪು ಕೇಳಿಸುತ್ತಿತ್ತು. ಅಕ್ಟೋಬರಿನಲ್ಲಿ ಮೆಟ್ರೋ 3 ಕಫ್ ಪರೇಡಿನವರೆಗೆ ಓಡತೊಡಗಿತು. ಕೆಲಸಗಾರರಿಗೆ ರಾತ್ರಿ ಮನೆ ಸೇರುವುದು ಸುಲಭವಾಯಿತು. ಫ್ರೇಮು ನಲವತ್ತೇಳು, ಹಿಂದಿನ ವರ್ಷಕ್ಕಿಂತ ಕಡಿಮೆ. ಮೂಲೆ ಒಂದೂ ಬಿಡಲಿಲ್ಲ. ಮರ ಏಪ್ರಿಲಿನ ಬಿಸಿಲಿನಲ್ಲೇ ತಂದಿಟ್ಟದ್ದು. ಡಿಸೆಂಬರ್ ಕೊನೆಗೆ ಬಾಕಿ ಇಲ್ಲ.

ಹಾಗಾದರೆ ಎಲ್ಲ ಸರಿಹೋಯಿತಾ? ಇಲ್ಲ, ಒಂದು ವಿಷಯ ನನ್ನನ್ನು ಕಾಡುತ್ತಲೇ ಇದೆ. ಖಾತೆಯಲ್ಲಿ ವರ್ಷದ ಆಕಾರವೇ ಬದಲಾಗಿದೆ. ಮೊದಲು ತಿಂಗಳಿಂದ ತಿಂಗಳಿಗೆ ಹೆಚ್ಚು ಏರುಪೇರು ಇರಲಿಲ್ಲ. ಈಗ ನವೆಂಬರಿಂದ ಫೆಬ್ರವರಿವರೆಗೆ ಬೆಟ್ಟ, ಜೂನಿಂದ ಸೆಪ್ಟೆಂಬರಿನವರೆಗೆ ಗುಂಡಿ. ನವೆಂಬರಿನಲ್ಲಿ ಮುಂಬೈ ಮೇಳ. ಡಿಸೆಂಬರಿನಲ್ಲಿ ಪಣಜಿಯ ಸೆರೆಂಡಿಪಿಟಿ ಕಲಾ ಹಬ್ಬ, ವರ್ಷ ಬಿಟ್ಟು ವರ್ಷ ಕೊಚ್ಚಿಯ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ. ಜನವರಿಯಲ್ಲಿ ಗ್ಯಾಲರಿ ವೀಕೆಂಡ್. ಫೆಬ್ರವರಿಯಲ್ಲಿ ದೆಹಲಿಯ ಮೇಳ. ಗ್ಯಾಲರಿಗಳು ತಮ್ಮ ಒಳ್ಳೆಯ ಪ್ರದರ್ಶನಗಳನ್ನೆಲ್ಲ ಈ ನಾಲ್ಕು ತಿಂಗಳಿಗೇ ಇಟ್ಟುಕೊಳ್ಳುತ್ತವೆ, ಯಾಕೆಂದರೆ ಹೊರ ಊರಿನ ಕೊಳ್ಳುವವರು ಬರುವುದು ಆಗ. ಊರಿನ ಇಡೀ ಕಲೆಯ ವರ್ಷ ಒಂದು ಮೂಲೆಗೆ ಸರಿದು ಕೂತಿದೆ. ಆ ನಾಲ್ಕು ತಿಂಗಳು ಜನ ಸಾಲುವುದಿಲ್ಲ. ಮಳೆಗಾಲದಲ್ಲಿ ಅದೇ ಜನಕ್ಕೆ ಸಂಬಳ ಕೊಡಲು ಕೆಲಸ ಸಾಲುವುದಿಲ್ಲ. ಬಿಹಾರದ ಇಬ್ಬರಲ್ಲಿ ಒಬ್ಬ 2025ರ ಜುಲೈಯಲ್ಲಿ ಸೂರತ್ತಿಗೆ ಹೋದವನು ಮತ್ತೆ ಬರಲಿಲ್ಲ. ಹನ್ನೆರಡು ವರ್ಷ ಅಂಗಡಿಯಲ್ಲಿದ್ದವನು. ಅವನಷ್ಟು ಚೆನ್ನಾಗಿ ಪಾಲಿಶ್ ಎಳೆಯುವವರು ನಮಗೆ ಇನ್ನೂ ಸಿಕ್ಕಿಲ್ಲ.

ಬೇರೆ ಊರಲ್ಲಿ ಇದು ಹೇಗೆ ಅಂತ ಓದುತ್ತಾ ಹೋದಾಗ ಬಾಸೆಲ್ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಈ ಪುಟ್ಟ ಊರಲ್ಲಿ 1970ರಲ್ಲಿ ಮೂವರು ಗ್ಯಾಲರಿಯವರು ಶುರು ಮಾಡಿದ ಮೇಳ ಇಂದು ಜಗತ್ತಿನ ಅತಿ ದೊಡ್ಡ ಕಲಾ ಮೇಳಗಳಲ್ಲಿ ಒಂದು. ಎಲ್ಲರೂ ಅದನ್ನೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಅದಕ್ಕಿಂತ ಮೂರು ವರ್ಷ ಹಿಂದಿನ ಸಂಗತಿ. 1967ರಲ್ಲಿ ಅಲ್ಲಿಯ ಮ್ಯೂಸಿಯಮ್ಮಿನ ಗೋಡೆಯಲ್ಲಿದ್ದ ಎರಡು ಪಿಕಾಸೊ ಚಿತ್ರಗಳು ಮಾರಾಟವಾಗಿ ಊರು ಬಿಡುವುದರಲ್ಲಿದ್ದವು. ಊರಿನ ಜನ ಬೀದಿಯಲ್ಲಿ ಹಬ್ಬ ಮಾಡಿ ಚಂದಾ ಎತ್ತಿದರು. ಉಳಿದ 60 ಲಕ್ಷ ಫ್ರಾಂಕನ್ನು ಊರಿನ ಬೊಕ್ಕಸದಿಂದ ಕೊಡಬೇಕೇ ಬೇಡವೇ ಅಂತ ಮತದಾನ ನಡೆಯಿತು. ಕೊಡಿ ಅಂದರು ಜನ. ಪಿಕಾಸೊ ಸಂತೋಷಪಟ್ಟು ಇನ್ನೂ ನಾಲ್ಕು ಕೃತಿ ಸುಮ್ಮನೆ ಕೊಟ್ಟ. ಆ ಊರಿಗೆ ಮೇಳ ಬರುವ ಮೊದಲೇ ಚಿತ್ರ ತಮ್ಮದು ಅನ್ನುವ ಜನ ಇದ್ದರು.

ಮುಂಬೈಗೆ ಅಂಥದ್ದು ಇಲ್ಲದೆ ಇಲ್ಲ. 1857ರ ಜೆ.ಜೆ. ಸ್ಕೂಲ್ ಇದೆ. 1888ರ ಬಾಂಬೆ ಆರ್ಟ್ ಸೊಸೈಟಿ ಇದೆ. ಟಿಕೆಟ್ ಇಲ್ಲದ ಜೆಹಾಂಗೀರ್ ಇದೆ. ಮಂಗಳೂರಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದು 2016ರಲ್ಲಿ ಕೊಚ್ಚಿ ಬಿನಾಲೆಯನ್ನೇ ರೂಪಿಸಿದ ಸುದರ್ಶನ ಶೆಟ್ಟಿಯವರಂಥ ಕಲಾವಿದರನ್ನು ಈ ಊರು ಬೆಳೆಸಿದೆ. ಇಂಥ ಜಾಗಗಳು ಮಳೆಗಾಲದಲ್ಲೂ ಬಾಗಿಲು ತೆರೆದಿರುತ್ತವೆ. ನಮ್ಮ ಅಂಗಡಿಯನ್ನು ಜುಲೈಯಲ್ಲಿ ನಡೆಸುವುದು ಅವುಗಳೇ. ರೇಸ್‌ಕೋರ್ಸಿನ 120 ಎಕರೆ ಉದ್ಯಾನದಲ್ಲಿ ಎಲ್ಲೋ ಒಂದು ಕಡೆ ಊರಿನ ಕಲಾವಿದರಿಗೆ ವರ್ಷವಿಡೀ ತೆರೆದಿರುವ ಒಂದು ಗೋಡೆ ಇಟ್ಟರೆ ಎಷ್ಟು ಚೆನ್ನ ಅಂತ ನನಗೆ ತುಂಬಾ ಆಸೆ. ಮೇಳ ನಡೆಯುವ ಮೈದಾನದ್ದೇ ಭಾಗ ಅದು.

2025ರ ನವೆಂಬರ್ 16, ಮೇಳದ ಕೊನೆಯ ಭಾನುವಾರ, ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದುಕೊಂಡು ಮೇಳಕ್ಕೆ ಹೋದೆವು. ಮೂರು ವರ್ಷದಲ್ಲಿ ಅವರು ಹಗಲು ಹೊತ್ತು ಮುಂದಿನ ಬಾಗಿಲಿಂದ ಒಳಗೆ ಹೋದದ್ದು ಅದೇ ಮೊದಲು. ಚಿಕ್ಕಮ್ಮ ಚಿತ್ರಗಳನ್ನು ನೋಡಿದರು. ಚಿಕ್ಕಪ್ಪ ಮೂಲೆಗಳನ್ನು ನೋಡಿದರು, ನಮ್ಮವನ್ನೂ, ಬೇರೆಯವರವನ್ನೂ. ವಿದೇಶದ ಒಂದು ಗ್ಯಾಲರಿಯ ಮುಂದೆ ತುಂಬ ಹೊತ್ತು ನಿಂತರು. ಅಲ್ಲಿ ಎಳೆ ಬಣ್ಣದ ಮರದ ಫ್ರೇಮು, ಜೋಡಣೆಯ ಗೆರೆಯೇ ಕಾಣುತ್ತಿರಲಿಲ್ಲ. "ಇದು ಹೇಗೆ ಕೂರಿಸಿದ್ದಾರೆ ಕೇಳು" ಅಂದರು ತಂಗಿಗೆ. ಅವಳು ಮಳಿಗೆಯಲ್ಲಿದ್ದ ಹುಡುಗಿಯನ್ನು ಕೇಳಿದಳು. ಆ ಹುಡುಗಿಗೆ ಗೊತ್ತಿರಲಿಲ್ಲ, ಆದರೆ ತಮ್ಮ ಊರಿನ ಫ್ರೇಮಿನವರ ಮೇಲ್ ವಿಳಾಸ ಬರೆದು ಕೊಟ್ಟಳು. ಅಲ್ಲಿಂದ ಉತ್ತರ ಬಂದಿದೆ, ಚಿತ್ರ ಸಮೇತ. ಮೂಲೆಯೊಳಗೆ ಕಣ್ಣಿಗೆ ಕಾಣದಂತೆ ಒಂದು ತೆಳು ಮರದ ಕೀಲು ಇಡುತ್ತಾರಂತೆ. ಅಜ್ಜ ಊರಲ್ಲಿ ಬಾಗಿಲ ಚೌಕಟ್ಟಿಗೆ ಹಾಗೇ ಕೀಲು ಹೊಡೆಯುತ್ತಿದ್ದರಂತೆ. ಚಿಕ್ಕಪ್ಪ ಈಗ ದಿನಾ ಸಂಜೆ ತುಂಡು ಮರಗಳ ಮೇಲೆ ಅದನ್ನು ಮಾಡಿ ನೋಡುತ್ತಿದ್ದಾರೆ.